ಮಗಳ ಜೊತೆ ದಯಾರಾ ಬುಗ್ಯಾಲ್: ನಡಿಗೆಗಿಂತ ರಾತ್ರಿಗೇ ಜಾಸ್ತಿ ತಯಾರಿ

ಮಗಳನ್ನು ಕರೆದುಕೊಂಡು ಹಿಮಾಲಯದಲ್ಲಿ ಟೆಂಟ್ ಹಾಕಿ ಮಲಗುವ ಟ್ರೆಕ್‌ಗೆ ಹೋಗುತ್ತೇನೆ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಅಷ್ಟು ದೂರ ನಡೆಯುತ್ತಾಳಾ? ನಡೆಯುತ್ತಾಳೆ. ಒಂಬತ್ತು ವರ್ಷದವಳ ಕಾಲಿಗಿಂತ ನಲವತ್ತು ದಾಟಿದ ನನ್ನ ಮಂಡಿಯೇ ಮೊದಲು ಮುಷ್ಕರ ಹೂಡುವುದು. ಮಕ್ಕಳಿಗೆ ಕಷ್ಟ ಶುರುವಾಗುವುದು ನಡಿಗೆ ಮುಗಿದ ಮೇಲೆ. ಮಧ್ಯಾಹ್ನ ಎರಡಕ್ಕೆಲ್ಲ ಕ್ಯಾಂಪ್ ಸೇರಿರುತ್ತೀರಿ. ಆರು ಗಂಟೆಗೆ ಕತ್ತಲು, ಅದರ ಹಿಂದೆಯೇ ಚಳಿ. ಟಿವಿ ಇಲ್ಲ, ಮೊಬೈಲ್ ಇಲ್ಲ, ಒಂದಕ್ಕೆ ಬಂದರೆ ಟೆಂಟಿನ ಜಿಪ್ ತೆಗೆದು ಆಚೆ ಹೋಗಬೇಕು. ಹಾಗಾಗಿ ನಾನು ತಯಾರಿ ಮಾಡಿದ್ದೆಲ್ಲ ಮುಖ್ಯವಾಗಿ ರಾತ್ರಿಗೆ. ಕಿಲೋಮೀಟರ್ ಲೆಕ್ಕ ಆಮೇಲೆ.

ಜಾಗ ಆರಿಸಿದ್ದೂ ಹಾಗೆಯೇ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ದಯಾರಾ ಬುಗ್ಯಾಲ್ ಒಂದು ದೊಡ್ಡ ಹುಲ್ಲುಗಾವಲು. ರೈಥಲ್ ಅನ್ನುವ ಹಳ್ಳಿಯಿಂದ ಹತ್ತಬೇಕು. ಹಳ್ಳಿ ಇರುವುದು ಸುಮಾರು 7,000 ಅಡಿಯಲ್ಲಿ, ಹುಲ್ಲುಗಾವಲಿನ ತುದಿ 12,000 ಅಡಿಯ ಹತ್ತಿರ. ಸ್ನೇಹಿತರು ಅದೇ ಜಿಲ್ಲೆಯ ಕೇದಾರಕಂಠ ಶಿಖರಕ್ಕೆ ಹೋಗಿ ಅಂದರು. ಅಲ್ಲಿ ತುದಿಗೆ ಹೋಗುವ ದಿನ ನಡುರಾತ್ರಿ ಕಳೆಯುತ್ತಿದ್ದಂತೆ ಎದ್ದು ಚಳಿಯಲ್ಲಿ ಹೊರಡುತ್ತಾರೆ, ಮಗುವಿಗೆ ಅದೆಂಥ ಶಿಕ್ಷೆ ಅಲ್ವಾ? ದಯಾರಾದಲ್ಲಿ ಆರಾಮಾಗಿ ಬೆಳಕು ಹರಿದ ಮೇಲೆ ಹೊರಡಬಹುದು. ಎಲ್ಲಕ್ಕಿಂತ ಮುಖ್ಯ, ಯಾವ ಕ್ಯಾಂಪಿನಿಂದಲೂ ಅರ್ಧ ದಿನದಲ್ಲಿ ಕೆಳಗಿಳಿದು ಹಳ್ಳಿ ಸೇರಬಹುದು. ಮಗುವಿಗೆ ಹುಷಾರು ತಪ್ಪಿದರೆ ಎಷ್ಟು ಹೊತ್ತಿನಲ್ಲಿ ಜೀಪು ಸಿಗುತ್ತದೆ ಅನ್ನುವುದೇ ನನ್ನ ಮೊದಲ ಪ್ರಶ್ನೆಯಾಗಿತ್ತು, ಶಿಖರ ಯಾವುದು ಕಾಣುತ್ತದೆ ಅನ್ನುವುದು ಕೊನೆಯದು. ಇನ್ನೊಂದು, ಬುಗ್ಯಾಲ್‌ಗಳಲ್ಲಿ, ಅಂದರೆ ಇಂಥ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ಉಳಿಯುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು. ಆಮೇಲೆ ಟೆಂಟ್ ಹಾಕುವುದು ಕೆಳಗಿನ ಕಾಡಿನ ಅಂಚಿನಲ್ಲಿ. ನಮಗೆ ಅದು ಒಳ್ಳೆಯದೇ ಆಯಿತು, ಮರಗಳಿದ್ದರೆ ಗಾಳಿ ಅಷ್ಟು ಹೊಡೆಯುವುದಿಲ್ಲ.

ಹೋಗಿದ್ದು ದಸರಾ ರಜೆಗೆ. ಮಳೆಗಾಲ ಮುಗಿದು ಆಕಾಶ ತಿಳಿಯಾಗಿರುತ್ತದೆ, ಹಿಮ ಇನ್ನೂ ಬಿದ್ದಿರುವುದಿಲ್ಲ. ಊರೆಲ್ಲ ಜಂಬೂಸವಾರಿಗೆ ಮೈಸೂರಿಗೆ ಬರುವಾಗ ನಾವು ಮೈಸೂರು ಬಿಟ್ಟು ಹೊರಟೆವು. ನಮ್ಮತ್ತೆಗೆ ಆ ಸಿಟ್ಟು ಬೇರೆ. "ಚಳೀಲಿ ಮಗೂನ ಆಚೆ ಮಲಗಿಸ್ತೀಯಲ್ಲೇ" ಅಂತ ಶುರುವಾದದ್ದು ವಿಮಾನ ಹತ್ತುವವರೆಗೂ ನಿಲ್ಲಲಿಲ್ಲ. ಜೊತೆಗೆ ನನ್ನ ತಮ್ಮ ಬಂದ. ಮಗುವಿಗೆ ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬರಿಗೆ ಕಾಲು ಉಳುಕಿದರೆ ಇನ್ನೊಬ್ಬರು ಬೇಕಲ್ಲ.

ಕಾಲಿಗೆ ಅಭ್ಯಾಸ ಅಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲು, ಭಾನುವಾರ ಬೆಳಗ್ಗೆ, ಅವಳ ಬ್ಯಾಗು ಅವಳ ಬೆನ್ನಿಗೆ. ಮೊದಮೊದಲು ನಂದಿಯವರೆಗೆ, ಆಮೇಲೆ ಪೂರ್ತಿ. ಇದರ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ.

ರಾತ್ರಿಯ ಅಭ್ಯಾಸ ನಡೆದಿದ್ದು ನಮ್ಮ ಮನೆ ಟೆರೇಸಿನಲ್ಲಿ. ಟೆಂಟ್ ಹಾಕಿ, ಸ್ಲೀಪಿಂಗ್ ಬ್ಯಾಗ್ ಬಿಡಿಸಿ ಮಲಗಿದೆವು. ಹನ್ನೊಂದು ಗಂಟೆಗೆ ಎದ್ದು ಕೂತಳು. "ಅಮ್ಮಾ, ಕಾಲು ಅಗಲ ಮಾಡಕ್ಕೇ ಆಗ್ತಿಲ್ಲ, ಯಾರೋ ಕಟ್ಟಿಹಾಕಿದ ಹಾಗಿದೆ" ಅಂತ ದಿಂಬು ಎತ್ತಿಕೊಂಡು ಕೆಳಗೆ ಹೋದಳು. ಹೋಗಲಿ ಎಂದು ಬಿಟ್ಟೆ. ಮುಂದಿನ ವಾರ ಬ್ಯಾಗನ್ನು ಹಗಲಲ್ಲೇ ಹಾಲ್‌ನಲ್ಲಿ ಬಿಡಿಸಿಟ್ಟೆ. ಅದರೊಳಗೆ ಕೂತು ಕಾರ್ಟೂನ್ ನೋಡಿದಳು, ಅದರಲ್ಲೇ ಹೊರಳಾಡಿದಳು, ಕತ್ತಲಲ್ಲಿ ಒಳಗಿನಿಂದ ಜಿಪ್ ಹುಡುಕಿ ತೆಗೆಯುವುದನ್ನು ಆಟ ಮಾಡಿಕೊಂಡಳು. ಆಮೇಲೆ ಟೆರೇಸಿನಲ್ಲಿ ಬೆಳಗಿನವರೆಗೆ ನಿದ್ದೆ. ಇದನ್ನು ಹತ್ತು ಸಾವಿರ ಅಡಿ ಎತ್ತರದಲ್ಲಿ, ಚಳಿಯಲ್ಲಿ ಕಲಿಸಲು ಆಗುವುದಿಲ್ಲ.

ಶೌಚದ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳಿಗೆ ಕಮೋಡ್ ಬಿಟ್ಟು ಬೇರೆ ಗೊತ್ತಿಲ್ಲ, ಕುಕ್ಕರಗಾಲಲ್ಲಿ ಕೂತರೆ ಹಿಂದಕ್ಕೆ ಬೀಳುತ್ತಾರೆ. ಬೇಸಿಗೆ ರಜೆಯಲ್ಲಿ ಅಜ್ಜಿ ಮನೆಯ ಹಳೇ ಪಾಯಿಖಾನೆಯಲ್ಲೇ ಹೋಗಬೇಕು ಅಂತ ರೂಲ್ ಮಾಡಿದೆ. ಬೆಟ್ಟದ ಮೇಲೆ ನೀರಿನಿಂದ ಅರವತ್ತು ಎಪ್ಪತ್ತು ಮೀಟರ್ ದೂರ ಹೋಗಿ, ಅರ್ಧ ಅಡಿ ಗುಂಡಿ ತೋಡಿ, ಮುಗಿದ ಮೇಲೆ ಮಣ್ಣು ಮುಚ್ಚಬೇಕು. ಗಿಡಕ್ಕೆ ಮಣ್ಣು ಕೆದಕುವ ಪುಟ್ಟ ಸಲಿಕೆ ಸಾಕು, ಅದನ್ನು ಹೊರುವ ಜವಾಬ್ದಾರಿ ಅವಳದೇ ಆಗಿತ್ತು. ಆ ಸಲಿಕೆಯನ್ನು ಎಷ್ಟು ಹೆಮ್ಮೆಯಿಂದ ಹೊತ್ತಳು ಅಂದರೆ ಕೇಳಬೇಡಿ.

ಅವಳ ಬ್ಯಾಗು ಎರಡೂವರೆ ಕೆಜಿ ಮೀರದಂತೆ ನೋಡಿಕೊಂಡೆ. ಅವಳ ತೂಕ 26 ಕೆಜಿ, ಹತ್ತರಲ್ಲಿ ಒಂದು ಪಾಲು ಅಂತ ಲೆಕ್ಕ. ಮೂರರಿಂದ ಐದನೇ ತರಗತಿಯ ಶಾಲಾ ಬ್ಯಾಗು 2ರಿಂದ 3 ಕೆಜಿ ಇರಬೇಕು ಅಂತ ನಮ್ಮ ಸರ್ಕಾರವೇ 2019ರಲ್ಲಿ ಆದೇಶ ಮಾಡಿದೆ, ಶಾಲೆಗೆ ಹೊರುವುದು ಎಷ್ಟು ಅಂತ ನಿಮಗೇ ಗೊತ್ತು ಬಿಡಿ. ಅವಳ ಬ್ಯಾಗಿನಲ್ಲಿದ್ದದ್ದು ನೀರು, ರೇನ್‌ಕೋಟು, ಸ್ವೆಟರು, ಸಲಿಕೆ, ಹೆಡ್‌ಲ್ಯಾಂಪ್, ಚಿಕ್ಕಿ. ಕುತ್ತಿಗೆಯಲ್ಲಿ ಸೀಟಿ. ದಾರಿ ತಪ್ಪಿದೆ ಅನ್ನಿಸಿದರೆ ಎಲ್ಲಿದ್ದೀಯೋ ಅಲ್ಲೇ ಒಂದು ಮರ ಹಿಡಿದು ನಿಂತು ಸೀಟಿ ಊದು, ಹುಡುಕಿಕೊಂಡು ಹೋಗಬೇಡ ಅಂತ ಹೇಳಿ ಹೇಳಿ ಬಾಯಿಪಾಠ ಮಾಡಿಸಿದ್ದೆ. ಟೆಂಟು, ಮ್ಯಾಟು, ಸ್ಲೀಪಿಂಗ್ ಬ್ಯಾಗುಗಳು ನನ್ನ ಮತ್ತು ತಮ್ಮನ ಬೆನ್ನ ಮೇಲೆ. ರೈಥಲ್‌ನ ಒಬ್ಬ ಗೈಡ್ ಮತ್ತು ಅವರ ಸಹಾಯಕ ಅಡುಗೆ ಸಾಮಾನು ತಂದರು. ಸ್ಟವ್‌ನ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲೂ ಬಿಡುವುದಿಲ್ಲ, ರೈಲಿನಲ್ಲೂ ಬಿಡುವುದಿಲ್ಲ, ಅಲ್ಲೇ ವ್ಯವಸ್ಥೆ ಮಾಡಿಕೊಳ್ಳಿ.

ಊಟದಲ್ಲಿ ಸಾಹಸ ಬೇಡ. ಎತ್ತರ ಹೋದಷ್ಟೂ ನೀರು ಬೇಗ ಕುದಿಯುತ್ತದೆ, ಮೂರು ಸಾವಿರ ಮೀಟರಿನಲ್ಲಿ 90 ಡಿಗ್ರಿಗೇ. ಕುಕ್ಕರ್ ಇಲ್ಲದೆ ಬೇಳೆ ಬೇಗ ಬೇಯುವುದಿಲ್ಲ. ನಾನು ರಾಗಿ ಹುರಿಹಿಟ್ಟು, ಪುಡಿ ಬೆಲ್ಲ, ಹುರಿದ ರವೆಗೆ ಒಗ್ಗರಣೆ ಹಾಕಿದ್ದು, ತೆಳು ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆ. ಗೈಡ್ ಮಾಡಿದ ರೊಟ್ಟಿ, ಆಲೂ ಪಲ್ಯ ಚೆನ್ನಾಗಿಯೇ ಇತ್ತು. ಆದರೆ ಸುಸ್ತಾದ ಮಗು ಸಂಜೆ ಕೇಳುವುದು ಗೊತ್ತಿರುವ ರುಚಿಯನ್ನೇ. ಬಿಸಿನೀರಿಗೆ ಹುರಿಹಿಟ್ಟು, ಬೆಲ್ಲ ಹಾಕಿ ಕಲಸಿ ಕೊಟ್ಟರೆ ಎರಡೇ ನಿಮಿಷದ ಕೆಲಸ.

ಡೆಹ್ರಾಡೂನಿನಿಂದ ಒಂದೇ ದಿನದಲ್ಲಿ ರೈಥಲ್ ತಲುಪಬಹುದು, ಆದರೆ ಎಂಟೊಂಬತ್ತು ಗಂಟೆ ಬರೀ ತಿರುವು. ನಾವು ಉತ್ತರಕಾಶಿಯಲ್ಲಿ ಇಳಿದು ಮಲಗಿದೆವು. ರೈಥಲ್‌ನಲ್ಲೂ ಒಂದು ದಿನ ಸುಮ್ನೆ ಕೂತೆವು, ಮೈ ಎತ್ತರಕ್ಕೆ ಹೊಂದಿಕೊಳ್ಳಲಿ ಅಂತ. ಮೂರು ಸಾವಿರ ಮೀಟರಿನ ಮೇಲೆ, ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅನ್ನುವುದು ಸಾಮಾನ್ಯ ನಿಯಮ. ಎತ್ತರ ಮೈಗೆ ಒಗ್ಗದಿದ್ದರೂ ಮಕ್ಕಳು ತಲೆನೋವು ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ಊಟ ಬೇಡ ಅನ್ನುತ್ತಾರೆ, ಕಾರಣ ಇಲ್ಲದೆ ರೇಗುತ್ತಾರೆ, ಆಟ ಬಿಟ್ಟು ಮಂಕಾಗಿ ಕೂರುತ್ತಾರೆ. ಹಾಗಾದರೆ ಇನ್ನೂ ಮೇಲೆ ಹತ್ತುವ ಮಾತೇ ಇಲ್ಲ, ಸರಿಹೋಗದಿದ್ದರೆ ಕೆಳಗಿಳಿಯುವುದೇ ಮದ್ದು. ಇದಕ್ಕೆ ಕೊಡುವ ಮಾತ್ರೆಗಳ ವಿಷಯ ಹೊರಡುವ ಮೊದಲೇ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ, ನೀವು ನುಂಗಿದ್ದನ್ನೇ ಅರ್ಧ ಮಾಡಿ ಕೊಡಬೇಡಿ.

ದಿನಕ್ಕೆ ಐದಾರು ಕಿಲೋಮೀಟರ್, ಅಷ್ಟೇ. ಗೈಡ್ ಮೂರು ಗಂಟೆ ಅಂದರೆ ನಾನು ಆರು ಅಂತ ಬರೆದುಕೊಳ್ಳುತ್ತಿದ್ದೆ. ಮಗಳು ಮುಂದೆ, ನಾನು ಹಿಂದೆ, ಅವಳ ವೇಗವೇ ಎಲ್ಲರ ವೇಗ. ರೈಥಲ್‌ನ ಒಂದು ಕರಿ ನಾಯಿ ಹಿಂಬಾಲಿಸಿ ಬಂತು. ನಾನು ಹೇಳಿದರೆ ಏಳದವಳು ನಾಯಿ ಎದ್ದರೆ ಎದ್ದು ಹೊರಡುತ್ತಿದ್ದಳು.

ಸಂಜೆಗೆ ಚೌಕಾಬಾರ. ಹಳೇ ಪಂಚೆ ತುಂಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಮನೆ ಬರೆದು, ಅರ್ಧ ತೇಯ್ದ ಹುಣಸೆಬೀಜ ನಾಲ್ಕು ತಂದಿದ್ದೆ, ಕಾಯಿಗೆ ಅಲ್ಲಿನದೇ ಕಲ್ಲು, ಕಡ್ಡಿ. ಗೈಡ್ ಕೂಡ ಕಲಿತು ಅವಳ ಕಾಯಿ ಕಡಿದರು, ಅದಕ್ಕೊಂದು ಜಗಳ. ಮಲಗುವ ಮುಂಚೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿಯಾಗಿದೆಯಾ ಅಂತ ತಲೆಕೆಳಗು ಮಾಡಿ ನೋಡಿ, ಮೇಲೊಂದು ಉಲ್ಲನ್ ಕಾಲುಚೀಲ ಹಾಕಿ ಅವಳ ಸ್ಲೀಪಿಂಗ್ ಬ್ಯಾಗಿನ ಕಾಲಿನ ಕಡೆ ಇಟ್ಟೆ. ಬೆಳಗ್ಗೆ ಅದೇ ನೀರು ಕುಡಿಯಲು. ರಾತ್ರಿ ಅವಳು ಎಬ್ಬಿಸಿದರೆ ಗೊಣಗದೆ ಎದ್ದು ಹೋಗುತ್ತಿದ್ದೆ. ನಾವು ಗೊಣಗಿದರೆ ಮಕ್ಕಳು ಮರುದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಆ ಎತ್ತರದಲ್ಲಿ ಅದು ಒಳ್ಳೆಯದಲ್ಲ.

ಹುಲ್ಲುಗಾವಲು ತಲುಪಿದ ದಿನ ಎದುರಿಗೆ ಬಂದರ್‌ಪೂಂಛ್ ಶಿಖರ ಬೆಳ್ಳಗೆ ನಿಂತಿತ್ತು. ಇವಳಿಗೆ ಅದು ಬೇಡ. ಇಳಿಜಾರಿನಲ್ಲಿ ಒಣಹುಲ್ಲಿನ ಮೇಲೆ ಜಾರುವುದು, ನಾಯಿಯ ಜೊತೆ ಓಡುವುದು. ತುದಿಗೆ ಹೋಗೋಣವಾ ಅಂದರೆ "ನೀವು ಹೋಗ್ಬನ್ನಿ" ಅಂದಳು. ತಮ್ಮ ಮತ್ತು ಗೈಡ್ ಹೋಗಿ ಬಂದರು, ನಾನು ಅಲ್ಲೇ ಕೂತು ಚಿಕ್ಕಿ ತಿಂದೆ.

ವಾಪಸ್ ಬರುವಾಗ ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಇಟ್ಟುಕೊಳ್ಳಿ. ಗಂಗೋತ್ರಿ ರಸ್ತೆಯಲ್ಲಿ ಗುಡ್ಡ ಕುಸಿದರೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ನಮಗೆ ಏನೂ ಅಡ್ಡಿಯಾಗಲಿಲ್ಲ, ಉಳಿದ ದಿನವನ್ನು ಉತ್ತರಕಾಶಿಯ ಲಾಡ್ಜಿನಲ್ಲಿ ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ, ನಿದ್ದೆಗೆ ಬಳಸಿಕೊಂಡೆವು. ಮುಂದಿನ ಸಲ ಅವಳ ವಯಸ್ಸಿನ ಇನ್ನೊಂದು ಮಗುವನ್ನೂ ಕರೆದೊಯ್ಯುವ ಯೋಚನೆ ಇದೆ. ಸಂಜೆ ಹೊತ್ತು ಕಳೆಯುವ ಕೆಲಸ ಅವರವರೇ ನೋಡಿಕೊಳ್ಳುತ್ತಾರೆ, ನಾನು ಬೇಗ ಮಲಗಬಹುದು.