ಮೂರನೇ ವರ್ಷಕ್ಕೆ ಕೈ ಹಿಡಿದ ಕುರಿ ಮಂದೆ

ರಾತ್ರಿ ಹೊಲದಲ್ಲಿ ಕುರಿ ಕೂಡಿಸಿ, ಅವುಗಳ ಹಿಕ್ಕೆ, ಗಂಜಲವನ್ನೇ ಗೊಬ್ಬರ ಮಾಡಿಕೊಳ್ಳುವುದಕ್ಕೆ ಮಂದೆ ಹಾಕಿಸುವುದು ಅಂತಾರೆ. ನಾನು ಅದಕ್ಕೆ ಕೈ ಹಾಕಿದಾಗ, ಅಂಗಡಿ ಗೊಬ್ಬರ ಬಿಟ್ಟು ಕುರಿ ಹಿಂದೆ ಹೊರಟ ಅಂತ ಊರೆಲ್ಲ ನಕ್ಕಿತ್ತು. ಹಿರಿಯೂರು ಕಡೆಯ ಕೆಂಪು ಮಣ್ಣು, ಮಳೆ ನಂಬಿದ 2 ಎಕರೆ. ಎಕರೆಗೆ 6 ಕ್ವಿಂಟಲ್ ರಾಗಿ ದಾಟಿದರೆ ನಮಗೆ ಅದೇ ಹಬ್ಬ. ಈ ಸಲ 10ರ ಮೇಲೆ ಬಂತು, ರಾಗಿ ನಡುವಿನ ಅಕ್ಕಡಿ ಸಾಲಿನ ತೊಗರಿ, ಅವರೆ ಬೇರೆ. ನಕ್ಕವರಲ್ಲಿ ಇಬ್ಬರು ಈಗ ಕುರಿಗಾರರ ನಂಬರ್ ಕೇಳುತ್ತಿದ್ದಾರೆ.

ಮೊದಲ ವರ್ಷ ಕೆಟ್ಟಿದ್ದು ನನ್ನ ಸೋಮಾರಿತನದಿಂದ. ಕುರಿ ಕೂಡುವ ಬಲೆ ಬೇಲಿಯನ್ನು ದಿನಾ ಕಿತ್ತು ಜರುಗಿಸುವುದು ಯಾರಿಗೆ ಬೇಕು ಅಂತ ಒಂದೇ ಜಾಗದಲ್ಲಿ 3-4 ರಾತ್ರಿ ಮಂದೆ ಹಾಕಿಸಿದೆ. ಅಲ್ಲಿನ ರಾಗಿ ಸೊಕ್ಕಿ ಬೆಳೆದು, ತೆನೆ ತುಂಬುವ ಹೊತ್ತಿಗೆ ಒಂದೇ ಮಳೆಗೆ ಚಾಪೆ ಹಾಸಿದಂತೆ ಮಲಗಿತು. ಪಕ್ಕದ ಪಟ್ಟೆ ಮಾತ್ರ ಬಡಕಲು.

ಎರಡನೇ ವರ್ಷ ಮಂದೆ ಸಿಕ್ಕಿದ್ದೇ ಮೇ ತಿಂಗಳಲ್ಲಿ. ಹಗಲೆಲ್ಲ ಬಳ್ಳಾರಿ ಜಾಲಿಯ ಕಾಯಿ ಮೇಯ್ದು ಬಂದ ಕುರಿಗಳು. ಮಳೆ ಬಿದ್ದ ವಾರಕ್ಕೆ ನೋಡಿದರೆ ಹಿಕ್ಕೆ ಬಿದ್ದಲ್ಲೆಲ್ಲ ಜಾಲಿ ಮೊಳಕೆ! ಕೀಳಿಸಲು ಆಳಿಗೇ 5-6 ಸಾವಿರ ಹೋಯಿತು. ಮನೆಯಲ್ಲಿ ಒಂದು ತಿಂಗಳು ಕುರಿ ಅನ್ನುವ ಹಾಗಿರಲಿಲ್ಲ.

ಈ ಸಲ ಯುಗಾದಿಗೆ ಮೊದಲೇ ಮುಗಿಸಿದೆ. ಜಾಲಿ ಕಾಯಿ ಆಗ ಇನ್ನೂ ಅಷ್ಟಾಗಿ ಹಣ್ಣಾಗಿರುವುದಿಲ್ಲ. ಹತ್ತತ್ತಿರ 300 ಕುರಿ, ರಾತ್ರಿಗೆ 4 ಗುಂಟೆ, ಎಕರೆಗೆ 10 ರಾತ್ರಿ. ರಾತ್ರಿಗೆ 700 ರೂಪಾಯಿ, ಜೊತೆಗೆ ಅವರ ಊಟಕ್ಕೆ ರಾಗಿ ಹಿಟ್ಟು. ಎಕರೆಗೆ 7 ಸಾವಿರ ಬಿತ್ತು ಅನ್ನಿ. ಕೊಟ್ಟಿಗೆ ಗೊಬ್ಬರ ಕೊಂಡಿದ್ದರೆ 4 ಲೋಡಿಗೆ 15-16 ಸಾವಿರ, ಎರಚುವ ಕೂಲಿ ಬೇರೆ. ಡಿಎಪಿ ಮೂಟೆ ಮುಟ್ಟಲೇ ಇಲ್ಲ.

ಬೆಳಿಗ್ಗೆ ಮಂದೆ ಎದ್ದು ಹೋದ ಮೇಲೆ ಬಗ್ಗಿದರೆ ಗಂಜಲದ ಘಾಟಿಗೆ ಕಣ್ಣು ಉರಿಯುತ್ತದೆ. ಆ ಘಾಟು ಗಾಳಿಗೆ ಹೋದರೆ ಹೋಗುವುದು ನಮ್ಮ ದುಡ್ಡೇ, ಅಲ್ವಾ? ಅದಕ್ಕೇ ಬಿಸಿಲೇರುವ ಮೊದಲೇ ಕುಂಟೆ ಹೊಡೆದು ಮುಚ್ಚುತ್ತಿದ್ದೆ. ಕೊಯ್ಲಾದ ಮೇಲೆ ಚಳಿಗಾಲದಲ್ಲೇ ಮಾಗಿ ಉಳುಮೆ ಮಾಡಿಟ್ಟಿದ್ದರಿಂದ ಕುಂಟೆ ಇಳಿಯಿತು. ಗಟ್ಟಿ ನೆಲದ ಮೇಲೆ ಮಂದೆ ಹಾಕಿಸಿದರೆ ಅರ್ಧ ಲಾಭ ಗಾಳಿಪಾಲು.

ಸುಮ್ನೆ ಇರಲಾರದೆ, ಒಂದಿಷ್ಟು ಹಿಕ್ಕೆ ಗುಡಿಸಿ ಕೆರೆ ಗೋಡಿನ, ಅಂದರೆ ಕೆರೆ ಹೂಳಿನ, ಜೊತೆ ಕಲಸಿ ಟೊಮೆಟೊ ಸಸಿಗೆ ಕೊಟ್ಟೆ. ಹಸಿ ಹಿಕ್ಕೆ, ಜಾಸ್ತಿ ಆಯಿತು. 40 ಸಸಿಯಲ್ಲಿ ಉಳಿದದ್ದು ಹತ್ತೋ ಹನ್ನೆರಡೋ. ಮೂರು ತಿಂಗಳು ಕೊಳೆಸಿ ಕೊಟ್ಟ ಬದನೆ ಮಾತ್ರ ಚೆನ್ನಾಗಿ ಬಂತು.

ಅಷ್ಟು ಹೊಲ ಇರುವಾಗ ಮಂದೆ ನನ್ನ ಹೊಲಕ್ಕೇ ಮೊದಲು ಯಾಕೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದೊಂದು ನನ್ನ ಹತ್ತಿರವೇ ಇರಲಿ. ಮುಂದಿನ ಸಂಕ್ರಾಂತಿ ಕಳೆದ ಮೇಲೆ ಬರುವುದಕ್ಕೆ ಅದೇ ಮಂದೆಗೆ ಮುಂಗಡ ಕೊಟ್ಟಾಗಿದೆ. ಎಷ್ಟು ಅಂತ ಹೇಳಲ್ಲ, ನೀವು ರೇಟು ಏರಿಸಿಬಿಡುತ್ತೀರಿ.