ತಟ್ಟೆ ಕೌಂಟರ್ ಸೇವಾಸಂಸ್ಥೆಗಳ ಕೈಗೆ ಕೊಟ್ಟ ಮೇಲೆ: ಜಯನಗರದ ಕಡೆ ನಾವು ನಡೆಸುವ ಭಾನುವಾರದ ಸಂತೆ

ತಿಂಡಿ ಮಳಿಗೆ, ಅಂಗಡಿ, ಸೇವಾಸಂಸ್ಥೆ ಮೂರನ್ನೂ ಒಂದೇ ಮೈದಾನಕ್ಕೆ ತಂದರೆ ಸಂಸ್ಥೆಗಳು ನೊಣ ಹೊಡೀತಾ ಕೂರಬೇಕಾಗುತ್ತೆ ಅಂದವರೇ ಹೆಚ್ಚು. ಮೊದಲೆರಡು ಸಲ ಹಾಗೇ ಆಯಿತು. ಅವರನ್ನು ಹಿಂದಿನ ಸಾಲಿಗೆ ತಳ್ಳಿದ್ದೇ ತಪ್ಪು. ಈಗ ತಟ್ಟೆ ಕೌಂಟರೇ ಅವರದು. ಸ್ಟೀಲ್ ತಟ್ಟೆಗೆ 50 ರೂಪಾಯಿ ಠೇವಣಿ. ತಟ್ಟೆ ವಾಪಸ್ ತಂದರೆ ದುಡ್ಡು ವಾಪಸ್, ದುಡ್ಡು ಬೇಡ ಅಂದರೆ ಅದು ಸಂಸ್ಥೆಗೆ. ಹೆಚ್ಚುಕಮ್ಮಿ ಐದರಲ್ಲಿ ಒಬ್ಬರು ಠೇವಣಿ ಬಿಟ್ಟು ಹೋಗುತ್ತಾರೆ. ಠೇವಣಿ ಯುಪಿಐನಲ್ಲಿ ಬಂದರೂ ಹಿಂದಿರುಗಿಸೋದು ನಗದಲ್ಲೇ. 50ರ ನೋಟು ಇನ್ನೂರಾದರೂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸಾಲು ಗೇಟು ಮುಟ್ಟುತ್ತೆ.

ಬಾಡಿಗೆ: ತಿಂಡಿ ಮಳಿಗೆ 14, ತಲಾ 2,500. ಅಂಗಡಿ 20, ತಲಾ 1,000. ಎಂಟು ಸಂಸ್ಥೆಗಳಿಗೆ ಬಿಟ್ಟಿ. ಶುರುವಿನಲ್ಲಿ ವ್ಯಾಪಾರದ ಶೇ. 15 ಕೇಳಿ ಕೈ ಸುಟ್ಟುಕೊಂಡಿದ್ದಾಯಿತು. ದುಡ್ಡು ಅವರವರ ಕ್ಯೂಆರ್‌ಗೆ ಬೀಳುತ್ತೆ, ಸಂಜೆ ಎಲ್ಲರದೂ ಒಂದೇ ರಾಗ, "ವ್ಯಾಪಾರವೇ ಇಲ್ಲ ಸಾರ್". ಕೂಪನ್ ಮಾಡಿದರೆ ಉಳಿದ ಕೂಪನ್ ಹಿಂದಿರುಗಿಸುವ ಜಗಳ. ಖರ್ಚು: ಶಾಮಿಯಾನ-ಮೇಜು 22,000, ಡೀಸೆಲ್ ಸೇರಿ ಜನರೇಟರ್ 9,000, ಮೈದಾನ 8,000, ಕಸ-ತೊಳೆತ-ನೀರು ಹತ್ತು ಹನ್ನೊಂದು ಸಾವಿರ. ಉಳಿಯೋದು ಐದಾರು ಸಾವಿರ, ಆದರೂ ಕೈಯಿಂದ ಹಾಕೋದು ನಿಂತಿದೆ.

ಕರೆಂಟೇ ದೊಡ್ಡ ತಲೆನೋವು. 25 ಕೆವಿಎ ಸಾಮರ್ಥ್ಯದ ಜನರೇಟರಿನಲ್ಲಿ ಫೇಸಿಗೆ (ಅದರಿಂದ ಹೊರಡುವ ಮೂರು ಲೈನುಗಳಲ್ಲಿ ಒಂದೊಂದಕ್ಕೆ) ಸುಮಾರು 35 ಆಂಪ್ಸ್. 2,000 ವಾಟಿನ ಇಂಡಕ್ಷನ್ ಒಲೆ ಒಂದೇ 9 ಆಂಪ್ಸ್ ಎಳೆಯುತ್ತೆ. ನಾಲ್ಕು ಒಂದೇ ಫೇಸಿಗೆ ಬಿದ್ದರೆ ಟ್ರಿಪ್ ಗ್ಯಾರಂಟಿ. ಫೇಸಿಗೆ ಎರಡೇ ಒಲೆ, ಉಳಿದದ್ದು ದೀಪ, ಮಿಕ್ಸಿಗೆ. ಯಾವ ಮಳಿಗೆ ಯಾವ ಫೇಸು ಅಂತ ವೈರಿಗೇ ಬಣ್ಣದ ಟೇಪ್ ಸುತ್ತಿ.

ದೋಸೆ ಕಾವಲಿ ಗಾಳಿ ಹೋಗುವ ದಿಕ್ಕಿನ ಕೊನೆಗೆ ಇರಲಿ. ಸೀರೆ ಅಂಗಡಿಗೆ ಎಣ್ಣೆ ಹೊಗೆ ಹೊಡೆದರೆ ಅವರು ಮತ್ತೆ ಬರೋಲ್ಲ. ತಿಂಡಿ ಮಳಿಗೆಯವರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ ಪ್ರತಿ ಮೊದಲೇ ತರಿಸಿಕೊಳ್ಳಿ. ಮೂಲ ನೋಂದಣಿಗೆ ವರ್ಷಕ್ಕೆ 100 ರೂಪಾಯಿ, ನೆಪಕ್ಕೆ ಜಾಗವಿಲ್ಲ. ಏಪ್ರಿಲ್-ಮೇನಲ್ಲಿ ಸಂಜೆಯ ಗಾಳಿಮಳೆ ಗೊತ್ತೇ ಇದೆ. ಮಧ್ಯಾಹ್ನ ಮೂರಕ್ಕೆ ಮುಗಿಸಿ, ಡೇರೆಯ ಕಾಲಿಗೊಂದು 20 ಲೀಟರ್ ತುಂಬಿದ ಕ್ಯಾನ್ ಕಟ್ಟಿ.

ಎಳನೀರು ಬುರುಡೆಯನ್ನು ಹಸಿ ಕಸದ ಜೊತೆ ಗೊಬ್ಬರಕ್ಕೆ ಹಾಕಿ ನೋಡಿದೆವು. ಉಳಿದದ್ದೆಲ್ಲ ಕರಗಿತು, ಬುರುಡೆ ಕರಗಲಿಲ್ಲ. ಈಗ ಮಾರುವವರೇ ಹೊತ್ತೊಯ್ಯಬೇಕು, ಇಲ್ಲವೇ 500 ರೂಪಾಯಿ ಮುಂಗಡ ಮುಟ್ಟುಗೋಲು.