ಹೆಸರು ಬದಲಾದರೂ ಫೋಟೋ ಕಳೆಯಬಾರದು: ನನ್ನ ಜೇಡಗಳ ಡೇಟಾಬೇಸ್

ಶುರುವಿನಲ್ಲಿ ನನ್ನ ಸಂಗ್ರಹ ಬರೀ ಫೋಲ್ಡರ್‌ಗಳ ರಾಶಿಯಾಗಿತ್ತು. ಪ್ರತಿ ಜೇಡಕ್ಕೂ ಒಂದು ಫೋಲ್ಡರ್, ಫೋಲ್ಡರಿಗೆ ಅದರ ವೈಜ್ಞಾನಿಕ ಹೆಸರು, ಒಳಗೆ ಫೋಟೋಗಳು. ಹುಡುಕಿದ್ದು ತಕ್ಷಣ ಸಿಗುತ್ತಿತ್ತು. ನನ್ನ ಜಾಲತಾಣದ ಪ್ರತಿ ಪುಟದ ವಿಳಾಸದಲ್ಲೂ ಅದೇ ಹೆಸರು ಇಟ್ಟಿದ್ದೆ.

2019ರಲ್ಲಿ ಸಂಶೋಧಕರು ನೆಫಿಲಾ ಕುಲವನ್ನು ಒಡೆದರು. ಕುಲ ಅಂದರೆ ಹತ್ತಿರದ ಪ್ರಭೇದಗಳ ಗುಂಪು, ವೈಜ್ಞಾನಿಕ ಹೆಸರಿನ ಮೊದಲ ಪದ ಅದರದ್ದೇ. ಹೊಂಬಣ್ಣದ ದೊಡ್ಡ ಬಲೆ ಹೆಣೆಯುವ ಜೇಡಗಳು ಇವು. ನೆಫಿಲಾ ಪಿಲಿಪೆಸ್ ಅಲ್ಲೇ ಉಳಿಯಿತು. ಆದರೆ ನೆಫಿಲಾ ಕ್ಲಾವಾಟಾ, ನೆಫಿಲಾ ಕ್ಲಾವಿಪೆಸ್ ಮುಂತಾದವು ಟ್ರೈಕೊನೆಫಿಲಾ ಆದವು. ಒಂದು ಸಂಜೆ ಕೂತು ಫೋಲ್ಡರ್‌ಗಳ ಹೆಸರನ್ನೆಲ್ಲ ತಿದ್ದಿದೆ. ಮರುದಿನ ನೋಡಿದರೆ ಆ ಪುಟಗಳಲ್ಲಿ ಒಂದು ಚಿತ್ರವೂ ಕಾಣಿಸುತ್ತಿರಲಿಲ್ಲ. ಬೇರೆಯವರು ತಮ್ಮ ಬರಹಗಳಲ್ಲಿ ಕೊಟ್ಟಿದ್ದ ಲಿಂಕ್‌ಗಳೂ ತೆರೆಯುತ್ತಿರಲಿಲ್ಲ.

ಹೆಸರನ್ನು ನಾನು ಅಡಿಪಾಯ ಮಾಡಿಕೊಂಡಿದ್ದೇ ತಪ್ಪು ಅಂತ ಆಗ ಗೊತ್ತಾಯಿತು. ಹೆಸರು ಅನ್ನುವುದು ಇವತ್ತಿನ ತಿಳಿವಳಿಕೆಯ ಪ್ರಕಾರ ಒಂದು ತೀರ್ಮಾನ. ನಾಳೆ ಹೊಸ ಸಾಕ್ಷಿ ಸಿಕ್ಕರೆ ಅದು ಬದಲಾಗುತ್ತದೆ, ಬದಲಾಗಬೇಕು ಕೂಡ. ಆದರೆ ಇಂಥ ದಿನ, ಇಂಥ ಜಾಗದಲ್ಲಿ, ಈ ಜೇಡ ಇತ್ತು ಅನ್ನುವುದು ಬದಲಾಗುವುದಿಲ್ಲ. ಅದನ್ನು ಹಿಡಿದು ಮತ್ತೆ ಮೊದಲಿಂದ ಕಟ್ಟಿದೆ.

ಈಗ ನನ್ನ ಬಳಿ ಮುಖ್ಯವಾಗಿ ನಾಲ್ಕು ಟೇಬಲ್‌ಗಳಿವೆ. ಒಂದರಲ್ಲಿ ಜೇಡ ಕಂಡ ಸಂದರ್ಭ: ದಿನಾಂಕ, ಜಾಗ, ನೋಡಿದವರು, ಎಲೆಯ ಮೇಲಿತ್ತೋ, ನೆಲದಲ್ಲಿತ್ತೋ, ತೊಗಟೆಯ ಕೆಳಗಿತ್ತೋ. ಇನ್ನೊಂದರಲ್ಲಿ ಚಿತ್ರಗಳು. ಮೂರನೆಯದರಲ್ಲಿ ಹೆಸರುಗಳು. ನಾಲ್ಕನೆಯದು ನನಗೆ ತುಂಬಾ ಬೇಕಾದದ್ದು, ಗುರುತಿಸುವಿಕೆಗಳದ್ದು. ಈ ಜೇಡವನ್ನು ಇಂಥ ಪ್ರಭೇದ ಅಂತ ಯಾರು ಹೇಳಿದರು, ಯಾವಾಗ ಹೇಳಿದರು, ಏನು ನೋಡಿ ಹೇಳಿದರು ಅಂತ ಅಲ್ಲಿ ಬರೆಯುತ್ತೇನೆ. ಹಳೆಯ ಸಾಲನ್ನು ಅಳಿಸುವುದಿಲ್ಲ, ಅದರ ಕೆಳಗೆ ಹೊಸದನ್ನು ಸೇರಿಸುತ್ತೇನೆ. ಚಿತ್ರದ ಫೈಲಿಗೂ ಪುಟದ ವಿಳಾಸಕ್ಕೂ ಬರೀ ಒಂದು ಸಂಖ್ಯೆ. ಕುಲ ಎಷ್ಟು ಸಲ ಒಡೆದರೂ ಆ ಸಂಖ್ಯೆ ಅಲುಗುವುದಿಲ್ಲ.

ಹೆಸರುಗಳ ವಿಷಯದಲ್ಲಿ ಜೇಡಗಳದ್ದು ಒಂದು ವಿಶೇಷ ಇದೆ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳು ಲಿನೇಯಸ್‌ನ 1758ರ ಪುಸ್ತಕದಿಂದ ಶುರು ಅಂತ ನಾವೆಲ್ಲ ಓದಿರುತ್ತೇವೆ. ಜೇಡಗಳಿಗೆ ಮಾತ್ರ ಅದಕ್ಕೂ ಮುಂಚೆ, 1757ರಲ್ಲಿ, ಸ್ವೀಡನ್ನಿನ ಕಾರ್ಲ್ ಕ್ಲರ್ಕ್ ಕೊಟ್ಟ ಹೆಸರುಗಳೂ ಊರ್ಜಿತ. ಹಾಗಾಗಿ ಅರೇನಿಯಸ್ ಡಯಾಡೆಮೇಟಸ್ ಅನ್ನುವ ಜೇಡದ ಹೆಸರಿನ ಮುಂದೆ, ಹೆಸರಿಟ್ಟವರು ಮತ್ತು ವರ್ಷವಾಗಿ, ಕ್ಲರ್ಕ್, 1757 ಅಂತ ಕಂಡರೆ ತಪ್ಪು ಅಂದುಕೊಂಡು ತಿದ್ದಬಾರದು. ಕಂಸದ ಚಿಹ್ನೆಯ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ಹೆಸರಿಟ್ಟವರು ಮೊದಲು ಬೇರೆ ಕುಲದಲ್ಲಿ ಇಟ್ಟಿದ್ದು, ಆಮೇಲೆ ಈಗಿನ ಕುಲಕ್ಕೆ ಬಂದಿದ್ದರೆ ಅವರ ಹೆಸರು ಮತ್ತು ವರ್ಷ ಕಂಸದೊಳಗೆ ಹೋಗುತ್ತದೆ. ಹೆಟೆರೊಪೋಡಾ ವೆನಟೋರಿಯಾ ಮುಂದೆ ಲಿನೇಯಸ್, 1767 ಅನ್ನುವುದು ಕಂಸದಲ್ಲೇ ಇರಬೇಕು. ಮೊದಲು ನಾನು ಎಲ್ಲ ಕಂಸಗಳನ್ನೂ ಅಂದಕ್ಕೆ ಇಟ್ಟಿದ್ದಾರೆ ಅಂದುಕೊಂಡು ತೆಗೆದುಹಾಕಿದ್ದೆ. ಮತ್ತೆ ಒಂದೊಂದಾಗಿ ಹಾಕಲು ಎರಡು ವಾರ ಬೇಕಾಯಿತು.

ಹೆಸರುಗಳಿಗೆ ನಾನು ನಂಬುವುದು ಜಗತ್ತಿನ ಜೇಡಗಳ ಹೆಸರುಗಳ ಆನ್‌ಲೈನ್ ಪಟ್ಟಿಯಾದ ವರ್ಲ್ಡ್ ಸ್ಪೈಡರ್ ಕ್ಯಾಟಲಾಗನ್ನು. ಇದನ್ನು ಮೊದಲು ನಾರ್ಮನ್ ಪ್ಲಾಟ್ನಿಕ್ ನಡೆಸುತ್ತಿದ್ದರು. 2014ರಿಂದ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನೋಡಿಕೊಳ್ಳುತ್ತಿದೆ. 2022ರ ಏಪ್ರಿಲ್‌ನಲ್ಲಿ ಆ ಪಟ್ಟಿ 50,000 ಪ್ರಭೇದ ದಾಟಿತು. ಆ 50,000ನೆಯದು ದಕ್ಷಿಣ ಅಮೆರಿಕದ ಒಂದು ಜಿಗಿಯುವ ಜೇಡ, ಗುರಿಯುರಿಯಸ್ ಮಿನುವಾನೊ. ಹೊಸ ಲೇಖನ ಬಂದ ಹಾಗೆ ಅಲ್ಲಿ ಪಟ್ಟಿ ಬದಲಾಗುತ್ತಲೇ ಇರುತ್ತದೆ. ನಾನು ತಿಂಗಳಿಗೊಮ್ಮೆ ನನ್ನ ಹೆಸರುಗಳನ್ನು ಅದರ ಜೊತೆ ಹೋಲಿಸಿ ನೋಡುತ್ತೇನೆ. ಹೋಲಿಸುವುದು ಕಂಪ್ಯೂಟರ್, ಒಪ್ಪುವುದು ನಾನು. ತಾನಾಗಿಯೇ ತಿದ್ದಿಕೊಳ್ಳುವ ಹಾಗೆ ಮಾತ್ರ ಯಾವತ್ತೂ ಬಿಡುವುದಿಲ್ಲ. ಯಾಕೆಂದರೆ ಒಂದು ಪ್ರಭೇದವನ್ನು ಎರಡಾಗಿ ಒಡೆದಾಗ ಹಳೆಯ ಫೋಟೋಗಳಲ್ಲಿ ಯಾವುದು ಯಾವ ಕಡೆ ಹೋಗಬೇಕು ಅಂತ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಒಂದೊಂದು ಚಿತ್ರವನ್ನೂ ಮತ್ತೆ ತೆರೆದು ನೋಡಬೇಕು.

ಹಳೆಯ ಹೆಸರುಗಳನ್ನೂ ಇಟ್ಟುಕೊಳ್ಳಲೇಬೇಕು. ಚಗಳಿ ಇರುವೆಯ ಹಾಗೆಯೇ ಕಾಣುವ ಜೇಡ ಇದೆಯಲ್ಲ, ಅದಕ್ಕೆ 1869ರಲ್ಲಿ ಇಟ್ಟ ಹೆಸರು ಸಾಲ್ಟಿಕಸ್ ಪ್ಲಾಟಲಿಯಾಯ್ಡೆಸ್. ಆಮೇಲೆ ಬಹಳ ಕಾಲ ಮಿರ್ಮರಾಕ್ನೆ ಆಗಿತ್ತು. ಈಗ ಮಿರ್ಮಪ್ಲಾಟಾ. ಹಳೆಯ ಪುಸ್ತಕ ಓದಿದವರು ಮಿರ್ಮರಾಕ್ನೆ ಅಂತಲೇ ಹುಡುಕುತ್ತಾರೆ. ಅವರಿಗೆ ಬರಿಗೈ ಆಗಬಾರದು. ಮೂರರಲ್ಲಿ ಯಾವ ಹೆಸರು ಹೊಡೆದರೂ ಒಂದೇ ಪುಟಕ್ಕೆ ಬರುವಂತೆ ಮಾಡಿದ್ದೇನೆ.

ಈ ಜೇಡದಿಂದಲೇ ಇನ್ನೊಂದು ಪಾಠವೂ ಸಿಕ್ಕಿತು. ಅದರ ಹೆಣ್ಣು ಇರುವೆಯ ಹಾಗಿದ್ದರೆ, ಗಂಡಿಗೆ ಮುಂದೆ ಉದ್ದನೆಯ ದವಡೆಗಳು. ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ. ಎರಡರ ಫೋಟೋವನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಪ್ರಭೇದ ಅಂತ ನಂಬುವುದೇ ಕಷ್ಟ. ಅದಕ್ಕೇ ನನ್ನಲ್ಲಿ ಪ್ರತಿ ಪ್ರಭೇದಕ್ಕೂ ಗಂಡು, ಹೆಣ್ಣು, ಮರಿ ಅಂತ ಮೂರು ಜಾಗ ಬೇರೆಬೇರೆ. ಖಾಲಿ ಇದ್ದರೆ ಖಾಲಿ ಅಂತಲೇ ಕಾಣಿಸುತ್ತದೆ. ಹಾಗೆ ಕಂಡರೆ ಜನ ಹುಡುಕಿ ತಂದು ತುಂಬುತ್ತಾರೆ.

ಈಗ ಗುರುತಿಸುವ ವಿಷಯ. ನನ್ನ ಸಮಯ ಜಾಸ್ತಿ ಹೋಗುವುದು ಇಲ್ಲೇ.

ಫೋಟೋ ನೋಡಿ ಕುಟುಂಬ ಹೇಳುವುದು ಅಭ್ಯಾಸದಿಂದ ಬರುತ್ತದೆ. ಮೊದಲು ಕಣ್ಣು ನೋಡಬೇಕು. ಎದುರಿಗೆ ಎರಡು ದೊಡ್ಡ ಕಣ್ಣು ನೇರವಾಗಿ ನಿಮ್ಮನ್ನು ನೋಡುತ್ತಿದ್ದರೆ ಜಿಗಿಯುವ ಜೇಡ. ಕೆಳಗೆ ಸಾಲಾಗಿ ನಾಲ್ಕು ಚಿಕ್ಕವು, ಅದರ ಮೇಲೆ ಎರಡು ದೊಡ್ಡವು, ಇನ್ನೂ ಹಿಂದೆ ಎರಡು ಇದ್ದರೆ ತೋಳ ಜೇಡ. ಮೊಟ್ಟೆಯ ಚೀಲ ಹೊತ್ತ ರೀತಿಯೂ ಸುಳಿವು ಕೊಡುತ್ತದೆ. ತೋಳ ಜೇಡ ಅದನ್ನು ಹಿಂಬದಿಗೆ, ನೂಲು ಬರುವ ಜಾಗಕ್ಕೆ ಅಂಟಿಸಿಕೊಂಡು ಓಡಾಡುತ್ತದೆ. ಪಿಸೌರಿಡೆ ಕುಟುಂಬದವು ದವಡೆಯಲ್ಲಿ ಕಚ್ಚಿಕೊಂಡಿರುತ್ತವೆ. ಒಬ್ಬರು ಕಳಿಸಿದ ಮಸುಕು ಫೋಟೋದಲ್ಲಿ ಬೇರೇನೂ ಸರಿಯಾಗಿ ಕಾಣದಿದ್ದರೂ, ಚೀಲ ಎಲ್ಲಿದೆ ಅನ್ನುವುದರಿಂದಲೇ ಸರಿಯಾದ ಕುಟುಂಬಕ್ಕೆ ಹಾಕಿದ್ದೇನೆ.

ಪ್ರಭೇದ ಹೇಳುವುದು ಬೇರೆಯದೇ ಕೆಲಸ. ಬಹಳಷ್ಟು ಜೇಡಗಳಲ್ಲಿ ಬಣ್ಣ, ಪಟ್ಟೆ ನೋಡಿ ಹೇಳಲು ಆಗುವುದಿಲ್ಲ. ಹೆಣ್ಣಿನ ಹೊಟ್ಟೆಯ ಕೆಳಭಾಗದಲ್ಲಿರುವ ಜನನಾಂಗದ ಭಾಗವಾದ ಎಪಿಜೈನ್, ಗಂಡಿನ ಮುಖದ ಪಕ್ಕದಲ್ಲಿ ಚಿಕ್ಕ ಕಾಲಿನಂತೆ ಇರುವ ಪಾಲ್ಪ್, ಇವುಗಳ ರಚನೆ ನೋಡಬೇಕು. ಇವು ಪೂರ್ತಿ ರೂಪ ಪಡೆಯುವುದು ಕೊನೆಯ ಸಲ ಪೊರೆ ಕಳಚಿದ ಮೇಲೆ. ಹಾಗಾಗಿ ಮರಿಯ ಫೋಟೋ ಎಷ್ಟೇ ಚೆನ್ನಾಗಿದ್ದರೂ ಹಲವು ಸಲ ಕುಲದಾಚೆ ಹೇಳಲು ಬರುವುದಿಲ್ಲ. ಪಾಲ್ಪಿನ ತುದಿ ಊದಿಕೊಂಡು ನುಣ್ಣಗಿದ್ದರೆ ಅದು ಇನ್ನೂ ಬೆಳೆಯುತ್ತಿರುವ ಗಂಡು. ಇದು ಗೊತ್ತಾದ ಮೇಲೆ ನಾನು ಎಷ್ಟೋ ಚಿತ್ರಗಳ ಹೆಸರನ್ನು ಹಿಂದಕ್ಕೆ ತೆಗೆದುಕೊಂಡೆ.

ಒಂದು ತಪ್ಪು ನನಗೆ ಈಗಲೂ ನೋವು ಕೊಡುತ್ತದೆ. ಗೋಡೆಯ ಮೇಲೆ ಓಡಾಡುವ ಒಂದು ಕಂದು ಬಣ್ಣದ ಹೆಣ್ಣು ಜಿಗಿಯುವ ಜೇಡಕ್ಕೆ ಪ್ಲೆಕ್ಸಿಪ್ಪಸ್ ಪೇಕುಲ್ಲಿ ಅಂತ ಹಾಕಿದ್ದೆ. ಅದು ಪ್ಲೆಕ್ಸಿಪ್ಪಸ್ ಪೀಟರ್ಸಿ ಇರಬಹುದು ಅಂತ ಯೋಚಿಸಲೇ ಇಲ್ಲ. ಗಂಡುಗಳಾದರೆ ಪಟ್ಟೆಗಳಿಂದ ಸುಲಭವಾಗಿ ತಿಳಿಯುತ್ತದೆ, ಹೆಣ್ಣುಗಳಲ್ಲಿ ಗೊಂದಲ ಜಾಸ್ತಿ. ಆಮೇಲೆ ಫೋಟೋ ಕಳಿಸಿದವರೆಲ್ಲ ನನ್ನ ಆ ಚಿತ್ರದ ಜೊತೆ ಹೋಲಿಸಿ ತಮ್ಮದೂ ಪೇಕುಲ್ಲಿ ಅಂತ ಬರೆದರು. ನಾನು ಅವರ ಫೋಟೋ ನೋಡಿ ಹೌದು ಅಂದೆ. ಒಂದು ತಪ್ಪು ಹಾಗೆ ಹತ್ತಾಯಿತು. ಜೇಡಗಳನ್ನೇ ಅಧ್ಯಯನ ಮಾಡುವ ಒಬ್ಬರು ಬರೆದು ತಿಳಿಸಿದಾಗ ಎದೆ ಧಸಕ್ಕೆಂದಿತು. ಗುರುತಿಸುವಿಕೆಯ ಟೇಬಲ್ ಇದ್ದುದರಿಂದ ಯಾವ ಚಿತ್ರ ಯಾವುದರ ಆಧಾರದ ಮೇಲೆ ಹೆಸರು ಪಡೆದಿತ್ತು ಅಂತ ಪತ್ತೆ ಮಾಡಿ, ಅಷ್ಟನ್ನೂ ಕುಲದ ಮಟ್ಟಕ್ಕೆ ಇಳಿಸಿದೆ.

ಅಂದಿನಿಂದ ಎರಡು ನಿಯಮ. ನನ್ನ ಡೇಟಾಬೇಸಿನ ಫೋಟೋವನ್ನೇ ಆಧಾರ ಮಾಡಿಕೊಂಡು ಪ್ರಭೇದದ ಹೆಸರು ಹಾಕುವ ಹಾಗಿಲ್ಲ. ಮೂಲ ಲೇಖನದ ವಿವರಣೆ, ಚಿತ್ರ ನೋಡಬೇಕು. ಮತ್ತೆ, ಗೊತ್ತಿಲ್ಲದಿದ್ದರೆ ಕುಲದಲ್ಲೇ ನಿಲ್ಲಿಸಬೇಕು, ಕುಲವೂ ಗೊತ್ತಿಲ್ಲದಿದ್ದರೆ ಕುಟುಂಬದಲ್ಲಿ. ಕೆಲವರಿಗೆ ಇದರಿಂದ ಬೇಸರ ಆಗುತ್ತದೆ. ಮಳೆಯಲ್ಲಿ ನಿಂತು ತೆಗೆದ ಫೋಟೋಗೆ ಬರೀ ಕುಟುಂಬದ ಹೆಸರು ಸಿಕ್ಕರೆ ಬೇಸರ ಸಹಜ ಅಲ್ವಾ? ಆದರೆ ಅಂದಾಜಿನ ಹೆಸರಿಗಿಂತ ಅದೇ ಮೇಲು ಅಂತ ನಾನು ಪ್ರತಿಯೊಬ್ಬರಿಗೂ ಕೂತು ವಿವರಿಸಿ ಬರೆಯುತ್ತೇನೆ.

ಜೊತೆಗೆ ಮುಂದಿನ ಸಲ ಹೇಗೆ ತೆಗೆಯಬೇಕು ಅಂತಲೂ ಹೇಳುತ್ತೇನೆ. ಮೇಲಿಂದ ಒಂದು, ಮುಖಕ್ಕೆ ಎದುರಾಗಿ ಒಂದು, ಪಕ್ಕದಿಂದ ಒಂದು, ಹೊಟ್ಟೆಯ ಕೆಳಭಾಗ ಒಂದು. ಕೊನೆಯದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಒಂದು ಪಾರದರ್ಶಕ ಡಬ್ಬಿಯಲ್ಲಿ ಜೇಡವನ್ನು ಬಿಟ್ಟು ಕೆಳಗಿನಿಂದ ತೆಗೆದರೆ ಸಾಕು. ಅಲುಗಾಡುತ್ತಿದ್ದರೆ ಮೆತ್ತನೆಯ ಸ್ಪಂಜಿನಿಂದ ಬಹಳ ಹಗುರವಾಗಿ ತಡೆಹಿಡಿಯಬಹುದು. ನಂತರ ಇದ್ದ ಜಾಗದಲ್ಲೇ ಬಿಟ್ಟುಬಿಡಬೇಕು. ಅಧ್ಯಯನಕ್ಕೆ ಜೇಡವನ್ನು ಆಲ್ಕೋಹಾಲಿನಲ್ಲಿ ಇಡುವವರಿಗೂ ಜೀವಂತ ಇದ್ದಾಗಲೇ ಫೋಟೋ ತೆಗೆಯಿರಿ ಅನ್ನುತ್ತೇನೆ. ಆಲ್ಕೋಹಾಲಿನಲ್ಲಿ ಬಣ್ಣ ಮಾಸಿಹೋಗುತ್ತದೆ.

ಜಾಗದ ಮಾಹಿತಿಯಲ್ಲಿ ನನಗೆ ಬಹಳ ಯೋಚನೆಗೆ ಹಚ್ಚಿದ್ದು ಪೊಸಿಲೊಥೀರಿಯಾ ಕುಲ. ಮರದ ಪೊಟರೆಗಳಲ್ಲಿ ಇರುವ ದೊಡ್ಡ, ಚೆಂದದ ಜೇಡಗಳು. ಸಾಕುವವರಿಗಾಗಿ ಇವನ್ನು ಹಿಡಿದು ಮಾರುತ್ತಾರೆ. 2019ರಲ್ಲಿ ಇಡೀ ಕುಲವನ್ನು ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದರು. ನನ್ನ ಪುಟದಲ್ಲಿ ಅವುಗಳ ಜಾಗವನ್ನು ಮರದ ಬುಡದವರೆಗೂ ತೋರಿಸಿದರೆ ಹಿಡಿಯುವವರಿಗೆ ದಾರಿ ಹೇಳಿಕೊಟ್ಟಂತೆ. ಹಾಗಾಗಿ ನಿಖರ ಜಾಗವನ್ನು ಒಳಗೆ ಇಟ್ಟುಕೊಂಡು, ಹೊರಗೆ ದೊಡ್ಡ ಪ್ರದೇಶ ಮಾತ್ರ ತೋರಿಸುತ್ತೇನೆ. ಇಷ್ಟು ಸಾಲದು ಅಂತ ತಡವಾಗಿ ಗೊತ್ತಾಯಿತು. ಮೊಬೈಲಿನಲ್ಲಿ ತೆಗೆದ ಫೋಟೋದ ಒಳಗೇ ಜಿಪಿಎಸ್ ಅಂಕಿಗಳು ಅಡಗಿರುತ್ತವೆ. ಮೂಲ ಫೈಲ್ ಡೌನ್‌ಲೋಡ್ ಮಾಡಿದರೆ ಎಲ್ಲ ಬಯಲು. ಈಗ ಹೊರಗೆ ಹೋಗುವ ಪ್ರತಿ ಚಿತ್ರದಿಂದಲೂ ಅದನ್ನು ತೆಗೆದುಹಾಕುತ್ತೇನೆ.

ಚಿಕ್ಕಪುಟ್ಟ ಸಂಗತಿಗಳೂ ಇವೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲೇ ಬರೆಯಿಸಿ. 03/04 ಅಂದರೆ ಮಾರ್ಚೋ ಏಪ್ರಿಲೋ ಅಂತ ಆಮೇಲೆ ಕೇಳಿದರೆ ಕಳಿಸಿದವರಿಗೂ ನೆನಪಿರುವುದಿಲ್ಲ. ಅಕ್ಷಾಂಶ ರೇಖಾಂಶ ಅದಲುಬದಲಾದರೆ ಕಾಡಿನ ಜೇಡ ಸಮುದ್ರದ ಮಧ್ಯೆ ಹೋಗಿ ಕೂರುತ್ತದೆ, ನಕ್ಷೆಯಲ್ಲಿ ಒಮ್ಮೆ ನೋಡಿಬಿಡಿ. ಅಕ್ಷರಗಳೆಲ್ಲ ಯೂನಿಕೋಡ್‌ನಲ್ಲೇ ಇರಲಿ, ಇಲ್ಲದಿದ್ದರೆ ವಿಶೇಷ ಗುರುತುಗಳ ಅಕ್ಷರಗಳಿರುವ ಪೋಲೆಂಡಿನ ಸಂಶೋಧಕರ ಹೆಸರುಗಳು ಚೂರುಚೂರಾಗುತ್ತವೆ. ಫೋಟೋ ತೆಗೆದವರ ಹೆಸರು ಮತ್ತು ಅವರು ಕೊಟ್ಟ ಅನುಮತಿ ಪ್ರತಿ ಚಿತ್ರದ ಜೊತೆಗೇ ಇರಬೇಕು, ಒಟ್ಟಾಗಿ ಒಂದೇ ಕಡೆ ಅಲ್ಲ.

ಬ್ಯಾಕಪ್ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ನಾನು ಸರ್ವರ್ ಬಾಡಿಗೆಗೆ ಪಡೆದಿದ್ದ ಕಡೆ ಒಮ್ಮೆ ಡಿಸ್ಕ್ ಹಾಳಾಯಿತು. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು, ಹಾಗಾಗಿ ಧೈರ್ಯವಾಗಿದ್ದೆ. ತೆರೆದು ನೋಡಿದರೆ ಟೇಬಲ್‌ಗಳು ಇದ್ದವು, ಚಿತ್ರಗಳಿದ್ದ ಫೋಲ್ಡರ್ ಖಾಲಿ. ನಾನು ಚಿತ್ರಗಳನ್ನು ಬೇರೆ ಜಾಗಕ್ಕೆ ಸಾಗಿಸಿದಾಗ ಬ್ಯಾಕಪ್‌ಗೆ ಹೊಸ ದಾರಿ ಹೇಳಿರಲೇ ಇಲ್ಲ. ಕಳಿಸಿದವರಿಗೆಲ್ಲ ಪತ್ರ ಬರೆದು ಮತ್ತೆ ಕೇಳಿದೆ. ಬಹಳ ಜನ ಪ್ರೀತಿಯಿಂದ ಹುಡುಕಿ ಕಳಿಸಿದರು. ಕೆಲವು ಬರಲೇ ಇಲ್ಲ. ಈಗ ಮೂರು ಪ್ರತಿ ಇಡುತ್ತೇನೆ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಪ್ರತಿ ಫೈಲಿಗೂ ಅದರೊಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಒಂದು ಪರೀಕ್ಷಾ ಸಂಖ್ಯೆ, ಅಂದರೆ ಒಂದು ಚೆಕ್‌ಸಮ್ ಬರೆದಿಟ್ಟಿದ್ದೇನೆ, ಒಂದು ಅಕ್ಷರ ಕೆಟ್ಟರೂ ತಿಳಿಯುತ್ತದೆ. ತಿಂಗಳಿಗೊಮ್ಮೆ ಯಾವುದಾದರೂ ಇಪ್ಪತ್ತು ಚಿತ್ರಗಳನ್ನು ಬ್ಯಾಕಪ್‌ನಿಂದ ತೆಗೆದು ಕಣ್ಣಾರೆ ನೋಡುತ್ತೇನೆ.

ಹಾಗೆ ನೋಡುವಾಗಲೇ ಹೋದ ತಿಂಗಳು ಒಂದು ಹಳೆಯ ಚಿತ್ರ ಸಿಕ್ಕಿತು. ಒಣಗಿದ ಎಲೆಯ ಮೇಲೆ ಪುಟ್ಟ ಹೆಣ್ಣು ಜೇಡ. ಕುಟುಂಬದ ಹೆಸರು ಮಾತ್ರ ಹಾಕಿ ಐದು ವರ್ಷ ಹಾಗೇ ಇತ್ತು. ಕಳಿಸಿದವರು ಹೊಟ್ಟೆಯ ಕೆಳಭಾಗವನ್ನೂ ತೆಗೆದಿದ್ದರು, ಎಪಿಜೈನ್ ಸ್ಪಷ್ಟವಾಗಿತ್ತು. ಈ ನಡುವೆ ಆ ಗುಂಪಿನ ಬಗ್ಗೆ ಹೊಸ ಲೇಖನ ಬಂದಿತ್ತು. ಅದರ ಚಿತ್ರದ ಜೊತೆ ಇಟ್ಟು ನೋಡಿದೆ. ನನಗೆ ಹೊಂದುತ್ತದೆ ಅನ್ನಿಸಿತು. ಆದರೂ ನಾನೇ ಹೆಸರು ಹಾಕಲಿಲ್ಲ. ಲೇಖನ ಬರೆದವರಿಗೆ ಎರಡೂ ಫೋಟೋ ಕಳಿಸಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಆ ಚಿತ್ರದ ಕೆಳಗೆ ಹೊಸ ಸಾಲು ಸೇರುತ್ತದೆ. ಅದರ ಮೇಲೆ ಐದು ವರ್ಷದ ಹಿಂದಿನ ನನ್ನ ಸಾಲು, ಕುಟುಂಬ ಮಾತ್ರ ಅಂತ ಬರೆದದ್ದು, ಹಾಗೇ ಇರುತ್ತದೆ.